ಮೇಲೂರಿನ ನಾಲ್ಕನೇ ವೆಂಕಟರವಣಪ್ಪ

ಮೇಲೂರಿನ ಅರಳಿಕಟ್ಟೆಯ ಮುಂದೆ ನಿಂತು ವೆಂಕಟರವಣಪ್ಪ ಎಂದು ಕೂಗಿದರೆ ಆ ಕಾಲದಲ್ಲಿ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಅದರಲ್ಲಿ ಯಾರ ತಪ್ಪೂ ಇಲ್ಲ. ತಿರುಪತಿ ತಿಮ್ಮಪ್ಪ ಮನೆದೇವರಾದ ಮನೆಯಲ್ಲಿ ಹರಕೆ ಹೊತ್ತು ಹೆತ್ತ ಗಂಡುಮಗುವಿಗೆ ಬೇರೆ ಹೆಸರಿಡುವ ಧೈರ್ಯ ಯಾರಿಗಿರುತ್ತದೆ? ಇಟ್ಟ ಹೆಸರು ಒಂದೇ ಆಯಿತು, ಬದುಕುಗಳು ಮಾತ್ರ ಬೇರೆಬೇರೆಯಾದವು.

ನಾಲ್ವರಲ್ಲಿ ಮೂವರು ಹೆಸರುವಾಸಿಗಳು. ಹೆಡ್‌ಮೇಷ್ಟ್ರು ವೆಂಕಟರವಣಪ್ಪನವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು ಚಿಂತಾಮಣಿಯಿಂದ ಚಿಕ್ಕಬಳ್ಳಾಪುರದವರೆಗೂ ಕಚೇರಿಗಳಲ್ಲಿ ಕುರ್ಚಿ ಹಿಡಿದು ಕೂತಿದ್ದರು. ಪೈಲ್ವಾನ್ ವೆಂಕಟರವಣಪ್ಪ ಗೌರಿಬಿದನೂರಿನ ಕುಸ್ತಿಯಲ್ಲಿ ಗೆದ್ದು ಬೆಳ್ಳಿಯ ಗದೆ ಹೊತ್ತು ತಂದವನು. ಹಾರ್ಮೋನಿಯಂ ವೆಂಕಟರವಣಪ್ಪ ಬಂದು ಕೂರದೆ ಸುತ್ತಲಿನ ಯಾವ ಹಳ್ಳಿಯಲ್ಲೂ ನಾಟಕದ ಪರದೆ ಏಳುತ್ತಿರಲಿಲ್ಲ. ನಾಲ್ಕನೆಯವನ ಹೆಸರಿನ ಮುಂದೆ ಏನೂ ಇರಲಿಲ್ಲ. ನಾನು ಹೇಳಹೊರಟಿರುವುದು ಅವನ ವಿಷಯ.

ಅವನು ದಿನವೂ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಶಿಡ್ಲಘಟ್ಟಕ್ಕೆ ಹೋಗಿ ಬಷೀರ್ ಅಹಮದ್ ಸಾಹೇಬರ ಮನೆ ಹಿಂದಿನ ಚರಕದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ. ಸುಡುಸುಡು ನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಂಥ ಎಳೆಯನ್ನು ಬೆರಳಲ್ಲೇ ಹುಡುಕಿ ಎತ್ತಿ ಚರಕಕ್ಕೆ ಕೊಡುವ ಕೆಲಸ. ಇಪ್ಪತ್ತು ವರ್ಷ ಹಾಗೆ ಬೆಂದ ಬೆರಳ ತುದಿಗಳು ಬಿಳುಚಿ, ಸುಕ್ಕುಗಟ್ಟಿ, ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿದ್ದವು. ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆಂದ ಹುಳುವಿನ ವಾಸನೆ ಕೈ ಬಿಡುತ್ತಿರಲಿಲ್ಲ. ಕೆಲಸದ ಹೆಸರನ್ನಾದರೂ ಅಂಟಿಸಿ ಕರೆಯೋಣವೆಂದರೆ ಆ ಕೆಲಸಕ್ಕೆ ಹೋಗುವವರು ಬೀದಿಗೆ ನಾಲ್ಕು ಮನೆಯಲ್ಲಿ ಇದ್ದರು.

ಹಾಗಾಗಿ ಅವನು ಜೀವಮಾನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ‘ನಾನಲ್ಲ’. ಬಸ್ಸಿನಲ್ಲಿ ಯಾರೋ ಊರು, ಹೆಸರು ಕೇಳುತ್ತಿದ್ದರು. ಹೇಳಿದ ಕೂಡಲೇ ಅವರ ಮುಖ ಅರಳುತ್ತಿತ್ತು, ಎದ್ದು ಸೀಟು ಬಿಡುತ್ತಿದ್ದರು. ಇವನು ನಾನಲ್ಲ, ಅವರು ಬೇರೆ ಎನ್ನುತ್ತಿದ್ದ. ಮುಖ ಮತ್ತೆ ಮುದುಡುತ್ತಿತ್ತು. ಎಂಬತ್ತಾರನೇ ಇಸವಿಯಲ್ಲಿ ಯುವಕ ಸಂಘದವರು ಚರಕದ ಹತ್ತಿರವೇ ಬಂದು ಇವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ವೇದಿಕೆ ಹತ್ತಿಸಿ, ಶಾಲು ಹೊದಿಸಿದರು. ಕಲಾಸೇವೆಯ ಬಗ್ಗೆ ಭಾಷಣ ಶುರುವಾದ ಮೇಲೆ ಇವನು ಪಕ್ಕದವರ ಕಿವಿಯಲ್ಲಿ ‘ನಾನಲ್ಲ’ ಎಂದ. ಶಾಲನ್ನು ಬಹಳ ಮರ್ಯಾದೆಯಿಂದಲೇ ಮಡಿಚಿ ವಾಪಸು ತೆಗೆದುಕೊಂಡರು. ಸನ್ಮಾನ ಮಾಡಲು ಬಂದವರಿಗೆ ಹಾರ್ಮೋನಿಯಂ ಬಾರಿಸುವವನ ಮುಖ ಗೊತ್ತಿರಬೇಡವೇ? ಅದನ್ನು ಕೇಳಿದವರು ಯಾರೂ ಇಲ್ಲ, ನಕ್ಕದ್ದು ಮಾತ್ರ ಇವನನ್ನು ನೋಡಿ.

ಎಂಬತ್ತೊಂಬತ್ತರಲ್ಲಿ ಹೆಡ್‌ಮೇಷ್ಟ್ರು ತೀರಿಕೊಂಡಾಗ ಚಿಂತಾಮಣಿಯಿಂದ ವ್ಯಾನು ತುಂಬ ಬಂದ ಹಳೆಯ ಶಿಷ್ಯರು ಸೀದಾ ಇವನ ಬಾಗಿಲಿಗೇ ಬಂದು ಗೋಳೋ ಎಂದು ಅತ್ತರು. ಮುದ್ದೆ ಉಣ್ಣುತ್ತಿದ್ದವನು ಎದ್ದು ಕೈ ತೊಳೆದುಕೊಂಡು ಹೊರಗೆ ಬಂದ. ಬದುಕಿರುವ ವೆಂಕಟರವಣಪ್ಪನನ್ನು ಕಂಡು ಅವರಿಗೆ ಒಂದಿಷ್ಟು ನಿರಾಸೆಯೇ ಆದಂತಿತ್ತು. ಇವನಿಗೂ ಏನೋ ತಪ್ಪು ಮಾಡಿದವನಂತೆ ಅನ್ನಿಸಿ, ಅವರನ್ನು ಸಾವಿನ ಮನೆಯವರೆಗೂ ಕರೆದುಕೊಂಡು ಹೋಗಿ ಬಿಟ್ಟು ಬಂದ.

ಇಷ್ಟಾದ ಮೇಲೆ ಯಾರಿಗೆ ತಾನೆ ತಲೆ ನೆಟ್ಟಗಿರುತ್ತದೆ? ಕೆಲವು ಸಲ ಚರಕ ತಿರುಗುತ್ತಿರುವಾಗ ಅವನಿಗೆ ತಾನೇ ನಾಟಕದಲ್ಲಿ ಹಾರ್ಮೋನಿಯಂ ಮುಂದೆ ಕೂತಿದ್ದ ನೆನಪು ಬರುತ್ತಿತ್ತು. ಪೆಟ್ರೋಮ್ಯಾಕ್ಸಿನ ಬೆಳಕು, ಮುಂದೆ ಚಾಪೆಯ ಮೇಲೆ ಕೂತ ಜನ, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಪಕ್ಕದ ಚರಕದ ಖಾಜಾ ಪೀರ್‌ಗೆ ಹೇಳಿದರೆ ಅವನು, ಅಣ್ಣಾ, ನಿನಗೆ ಸೀಟಿ ಹೊಡೆಯೋದಕ್ಕೂ ಬರಲ್ಲ ಎಂದು ನಗುತ್ತಿದ್ದ. ಹೌದಲ್ಲ, ಎಂದುಕೊಂಡು ಇವನು ಮತ್ತೆ ಎಳೆ ಹುಡುಕುತ್ತಿದ್ದ.

ತೊಂಬತ್ತಮೂರರಲ್ಲಿ ಮಗಳು ಗಂಗರತ್ನಳಿಗೆ ಗೌರಿಬಿದನೂರಿನ ಕಡೆಯಿಂದ ಸಂಬಂಧ ಬಂತು. ತಂದವನು ಕೊಂಡಪ್ಪ, ಮದುವೆ ಮಾತುಕತೆ ನಡೆಸುವುದರಲ್ಲಿ ಪಳಗಿದ ಕೈ. ಹುಡುಗ ಕಾರ್ಖಾನೆಯಲ್ಲಿ ಫಿಟ್ಟರ್. ಅಪ್ಪ ಲಕ್ಷ್ಮಯ್ಯ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಗೂಡು ಬೆಳೆಯುವ ರೈತ. ಅದಕ್ಕೆ ಮುಂಚೆ ಬಂದಿದ್ದ ಎರಡು ಸಂಬಂಧ ತಪ್ಪಿದ್ದವು, ಹುಡುಗಿಗೆ ಇಪ್ಪತ್ತಮೂರು ದಾಟಿತ್ತು. ಈ ಸಲ ಗಂಡಿನ ಕಡೆಯವರು ಹುಡುಗಿಯನ್ನು ನೋಡುವ ಮೊದಲೇ ಒಪ್ಪಿದಂತಿದ್ದರು. ಅಷ್ಟು ಸಲೀಸಾಗಿ ಒಪ್ಪಿದ್ದು ಯಾಕೆಂದು ವೆಂಕಟರವಣಪ್ಪನಿಗೆ ದಿಗಿಲಾಗಿ ಕೊಂಡಪ್ಪನನ್ನು ಕೇಳಿದ.

ಕೊಂಡಪ್ಪ ಹಲ್ಲು ಕಿರಿಯುತ್ತ ಹೇಳಿದ. ಪದ್ಧತಿಯಂತೆ ಹುಡುಗನ ಸೋದರಮಾವ ಮೇಲೂರಿಗೆ ಬಂದು, ತಾನು ಯಾರೆಂದು ಹೇಳಿಕೊಳ್ಳದೆ, ಟೀ ಅಂಗಡಿಯಲ್ಲಿ ಕೂತು, ವೆಂಕಟರವಣಪ್ಪನವರು ಹೇಗೆ ಎಂದು ವಿಚಾರಿಸಿದ್ದನಂತೆ. ಒಬ್ಬ, ಅಂಥ ಗುರುಗಳು ಸಿಗಲ್ಲ ಎಂದನಂತೆ. ಇನ್ನೊಬ್ಬ ಗದೆಯ ಕಥೆ ಹೇಳಿದನಂತೆ. ಮತ್ತೊಬ್ಬ, ಅವರ ಹಾರ್ಮೋನಿಯಂ ಕೇಳಬೇಕು ಎಂದನಂತೆ. ಮಾವ ಮೂರು ಗ್ಲಾಸ್ ಟೀ ಕುಡಿದು, ಮೂವರನ್ನೂ ಒಬ್ಬನಲ್ಲೇ ತುಂಬಿಕೊಂಡು ಊರಿಗೆ ಹೋಗಿದ್ದ.

ಅದೆಲ್ಲ ಮೇಲಿನ ಒಗ್ಗರಣೆ ಅಷ್ಟೇ, ಎಂದು ಕೊಂಡಪ್ಪ ಮುಂದುವರಿಸಿದ. ಲಕ್ಷ್ಮಯ್ಯ ಒಪ್ಪಿದ್ದಕ್ಕೆ ನಿಜವಾದ ಕಾರಣ ಬೇರೆ ಇತ್ತು. ಎಂಬತ್ತನಾಲ್ಕರಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಸಾಗಿಸುತ್ತಿದ್ದ ಲಾರಿಯೊಂದು ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಮಗುಚಿತ್ತಲ್ಲ, ಅದರ ಕೆಳಗೆ ಸಿಕ್ಕಿಕೊಂಡಿದ್ದವನು ಇದೇ ಲಕ್ಷ್ಮಯ್ಯ. ಅವನನ್ನು ಟೆಂಪೋದಲ್ಲಿ ಹಾಕಿಕೊಂಡು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆ ಮುಟ್ಟಿಸಿದವರೊಬ್ಬರಿದ್ದರು. ಕರೆತಂದವರ ಹೆಸರು ಏನೆಂದು ಅಲ್ಲಿ ಬರೆಸಿಕೊಂಡಿದ್ದರು. ವೆಂಕಟರವಣಪ್ಪ, ಮೇಲೂರು.

ವೆಂಕಟರವಣಪ್ಪ ದಿಕ್ಕು ತೋಚದೆ ಕೂತ. ಆ ಲಾರಿ ಅವನಿಗೆ ನೆನಪಿತ್ತು. ಚರಕದ ಯಾವುದೋ ಸಾಮಾನು ತರಲು ಸಾಹೇಬರು ಅವನನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಿದ್ದರು. ವಾಪಸು ಬರುವಾಗ ಬಸ್ಸು ನಿಂತಿತ್ತು, ಕೆಳಗಿಳಿದರೆ ರಸ್ತೆ ತುಂಬ ಹಳದಿ ಗೂಡುಗಳು. ಪೈಲ್ವಾನನೂ ಅದೇ ಬಸ್ಸಿನಲ್ಲಿದ್ದ, ಲಾರಿಗೆ ಹೆಗಲು ಕೊಟ್ಟಿದ್ದ. ಆದರೆ ಅದರ ಮುಂದಿನದು? ಒಂಬತ್ತು ವರ್ಷದಿಂದ ಟೀ ಅಂಗಡಿಯಲ್ಲಿ ಪೈಲ್ವಾನನ ಶಿಷ್ಯರು ಹೇಳುತ್ತಿದ್ದ ಕಥೆಯಲ್ಲಿ ಲಾರಿ ಎತ್ತಿದವನೂ ಪೈಲ್ವಾನನೇ, ಗಾಯಗೊಂಡವನನ್ನು ಆಸ್ಪತ್ರೆಗೆ ಒಯ್ದವನೂ ಪೈಲ್ವಾನನೇ. ಆ ಕಥೆಯನ್ನು ವೆಂಕಟರವಣಪ್ಪನೂ ಟೀ ಹೀರುತ್ತ ಎಷ್ಟೋ ಸಲ ಕೇಳಿದ್ದ, ಹೂಂಗುಟ್ಟಿದ್ದ. ಟೆಂಪೋದ ಕುಲುಕಾಟ, ತೊಡೆಯ ಮೇಲಿನ ಭಾರ, ರಕ್ತದಲ್ಲಿ ಒದ್ದೆಯಾದ ಟವೆಲು ಅವನ ಕಣ್ಣ ಮುಂದೆಯೂ ಬರುತ್ತಿದ್ದವು. ಆದರೆ ಹಾರ್ಮೋನಿಯಂ ಕೂಡ ಹಾಗೇ ಬರುತ್ತಿತ್ತಲ್ಲ!

ಕೊನೆಗೆ ಪೈಲ್ವಾನನನ್ನೇ ಕೇಳಿಬಿಡೋಣವೆಂದು ಗರಡಿಮನೆಗೆ ಹೋದ. ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ ಪೈಲ್ವಾನ್, ಆಸ್ಪತ್ರೆಗೆ ಒಯ್ದವನು ನಾನೇ, ಇನ್ಯಾರು, ಎಂದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಿ ಹೇಳಿ ಅವನಿಗೂ ಹಾಗೇ ನೆನಪಾಗಿಹೋಗಿತ್ತು.

ಅಲ್ಲಿಗೆ ವೆಂಕಟರವಣಪ್ಪನ ಸಂಶಯ ತೀರಿತು, ಸಂಕಟ ಶುರುವಾಯಿತು. ನಿಜ ಹೇಳಿದರೆ ಸಂಬಂಧ ಮುರಿಯುತ್ತದೆ, ಹೇಳದಿದ್ದರೆ ಬೇರೆಯವನ ಪುಣ್ಯಕ್ಕೆ ಮಗಳನ್ನು ಕೊಟ್ಟಂತಾಗುತ್ತದೆ. ಹೆಂಡತಿ ಅಶ್ವತ್ಥಮ್ಮನಿಗೆ ಈ ಗೊಂದಲವೇ ಅರ್ಥವಾಗಲಿಲ್ಲ. ಅವರಾಗಿ ಕೇಳಿದರೆ ತಾನೆ ಹೇಳುವುದು, ಬಾಯಿ ಮುಚ್ಚಿಕೊಂಡು ಕೂತರೆ ಆಯಿತು ಎಂದು ಅವಳ ವಾದ. ಜೀವಮಾನವಿಡೀ ನಾನಲ್ಲ, ನಾನಲ್ಲ ಎಂದು ಏನು ಗಂಟು ಕಟ್ಟಿಕೊಂಡಿರಿ, ಒಂದು ದಿನ ಹೂಂ ಅಂದರೆ ನಾಲಿಗೆ ಬಿದ್ದುಹೋಗುತ್ತದೆಯೇ ಎಂದು ಮೂದಲಿಸಿದಳು. ಹೆತ್ತ ತಾಯಿ, ಅವಳ ಆತಂಕ ಅವಳದು.

ಅಲ್ಲೇ ಅಕ್ಕಿ ಆರಿಸುತ್ತಿದ್ದ ಗಂಗರತ್ನ ಮೊರ ಕೆಳಗಿಟ್ಟಳು.

“ಅಪ್ಪಾ, ಇರೋದನ್ನ ಹೇಳ್ಬಿಡು. ಆಮೇಲೆ ಆ ಮನೇಲಿ ದಿನಾ ನಾನು ಯಾರ ಮಗಳೂಂತ ಹೇಳ್ಕೊಂಡು ತಿರುಗ್ಲಿ?”

ಮಗಳ ಮುಖವನ್ನು ನೋಡಲಾಗದೆ ಅವನು ಅಂಗಳಕ್ಕೆ ಎದ್ದುಹೋದ.

ಮುಂದಿನ ಭಾನುವಾರ ಗಂಡಿನ ಕಡೆಯವರು ಬಂದರು. ಲಕ್ಷ್ಮಯ್ಯ ಎಡಗಾಲು ಎಳೆಯುತ್ತ ನಡೆಯುತ್ತಿದ್ದ, ಹುಬ್ಬಿನ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತಿತ್ತು. ಅವನ ಹೆಂಡತಿ ಮಂಗಮ್ಮ ಒಳಗೆ ಬರುತ್ತಲೇ ವೆಂಕಟರವಣಪ್ಪನಿಗೆ ಕೈ ಮುಗಿದಳು. ಸೋದರಮಾವ ಗೋಡೆಯ ಮೇಲೆ ಗದೆಯನ್ನು ಹುಡುಕುತ್ತಿದ್ದ. ಅಲ್ಲಿ ಒಂದು ಕ್ಯಾಲೆಂಡರ್ ಮಾತ್ರ ನೇತಾಡುತ್ತಿತ್ತು.

ಹುಡುಗಿ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟಳು. ಹುಡುಗ ನೋಡಿದ, ಹುಡುಗಿಯೂ ಓರೆಗಣ್ಣಲ್ಲಿ ನೋಡಿದಳು, ಇಬ್ಬರಿಗೂ ಬೇಡವೆನ್ನುವಂಥದ್ದೇನೂ ಕಾಣಲಿಲ್ಲ. ಕೊಂಡಪ್ಪ ತಾಂಬೂಲದ ತಟ್ಟೆಯನ್ನು ಮುಂದಕ್ಕೆ ಸರಿಸುವಷ್ಟರಲ್ಲಿ ವೆಂಕಟರವಣಪ್ಪ ಗಂಟಲು ಸರಿಮಾಡಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅಶ್ವತ್ಥಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

ಅವನು ಒಂದೊಂದಾಗಿ ಹೇಳಿದ. ಮೇಷ್ಟ್ರು ತಾನಲ್ಲ, ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಗದೆ ಗೆದ್ದವನು ತಾನಲ್ಲ, ಅವನ ಮನೆ ಗರಡಿಯ ಪಕ್ಕ. ಹಾರ್ಮೋನಿಯಂ ಕೂಡ ತನ್ನದಲ್ಲ. ಒಂದೊಂದು ಹೇಳಿದಾಗಲೂ ಸೋದರಮಾವನ ಮುಖ ಒಂದೊಂದು ಮೆಟ್ಟಿಲು ಕೆಳಗಿಳಿಯಿತು. ಲಕ್ಷ್ಮಯ್ಯ ಮಾತ್ರ ಅಲುಗಲಿಲ್ಲ.

“ಅವೆಲ್ಲ ಬಿಡಿ ಅಣ್ಣ, ನಾನು ಅದಕ್ಕೆ ಬಂದೋನಲ್ಲ. ಲಾರಿ ಬಿದ್ದ ದಿನ ನನ್ನ ತಲೆ ಹಿಡ್ಕೊಂಡು ಆಸ್ಪತ್ರೆಗೆ ಬಂದೋರು ನೀವು ತಾನೆ?”

“ಅದೂ ನಾನಲ್ಲ,” ಎಂದ ವೆಂಕಟರವಣಪ್ಪ. “ಅದು ಪೈಲ್ವಾನ್ರು. ನಾನು ಅವತ್ತು ಅಲ್ಲಿದ್ದೆ ಅಷ್ಟೆ. ಅವರನ್ನೇ ಕೇಳಿ ತಿಳ್ಕೊಂಡಿದೀನಿ.”

ಕೊಂಡಪ್ಪ ತಾಂಬೂಲದ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಮಂಗಮ್ಮ ಗಂಡನ ಕಡೆ ನೋಡಿದಳು. ಲಕ್ಷ್ಮಯ್ಯನ ಬಾಯಿ ಒಣಗಿಹೋಗಿತ್ತು. ಒಂಬತ್ತು ವರ್ಷದ ಹಿಂದೆಯೇ ಹುಡುಕಿಕೊಂಡು ಬರಬೇಕಾಗಿತ್ತು, ಎಂದು ತನಗೇ ಹೇಳಿಕೊಳ್ಳುವವನಂತೆ ಶುರುಮಾಡಿದ. ಒಂದು ವರ್ಷ ಮಲಗಿದಲ್ಲೇ ಇದ್ದೆ, ಆಮೇಲೆ ಇಷ್ಟು ದಿನ ಬಾರದವನು ಈಗ ಯಾವ ಮುಖ ಹೊತ್ತು ಹೋಗಲಿ ಎಂದು ನಾಚಿಕೆಯಾಯಿತು, ಈ ನೆಂಟಸ್ತಿಕೆ ಬಂದಾಗ ದೇವರೇ ದಾರಿ ತೋರಿಸಿದ ಅಂದುಕೊಂಡೆ, ಎಂದ. ಕರೆತಂದವರ ಮುಖ ತಾನು ನೋಡಿಯೇ ಇಲ್ಲ, ಹಣೆ ಒಡೆದು ಕಣ್ಣ ಮೇಲೆಲ್ಲ ಟವೆಲು ಸುತ್ತಿದ್ದರು, ಎಂದೂ ಹೇಳಿದ. ಆಮೇಲೆ ಒಂದು ಲೋಟ ನೀರು ಕೇಳಿದ.

ವೆಂಕಟರವಣಪ್ಪ ತಾನೇ ಎದ್ದು ಹೋಗಿ ತಂದುಕೊಟ್ಟ. ಲಕ್ಷ್ಮಯ್ಯ ಲೋಟವನ್ನು ಬಾಯಿಯ ಹತ್ತಿರ ಒಯ್ದವನು ಹಾಗೇ ನಿಲ್ಲಿಸಿದ. ಲೋಟವನ್ನು ಮೂಗಿಗೆ ಹಿಡಿದ. ಕುಡಿಯದೆ ಪಕ್ಕಕ್ಕಿಟ್ಟು, ಇನ್ನೂ ಮುಂದೆಯೇ ನಿಂತಿದ್ದ ವೆಂಕಟರವಣಪ್ಪನ ಕೈ ಎಳೆದುಕೊಂಡ. ಐದು ಬೆರಳುಗಳ ತುದಿಯನ್ನೂ ತನ್ನ ಹೆಬ್ಬೆರಳಿಂದ ಒಂದಾದಮೇಲೊಂದರಂತೆ ಸವರಿ ನೋಡಿದ. ಎಲ್ಲರೂ ನೋಡುತ್ತಿರುವಂತೆಯೇ ಕಣ್ಣು ಮುಚ್ಚಿ ಆ ಕೈಯನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡ. ವೆಂಕಟರವಣಪ್ಪ ನಾಚಿಕೆಯಾಗಿ ಕೈ ಕೊಸರಿಕೊಳ್ಳಲು ಹೋದ, ಲಕ್ಷ್ಮಯ್ಯ ಬಿಡಲಿಲ್ಲ.

“ದಾರಿ ಉದ್ದಕ್ಕೂ ಬೆರಳಲ್ಲಿ ಅದ್ದಿ ಅದ್ದಿ ನನ್ನ ತುಟಿಗೆ ನೀರು ಬಿಟ್ರಲ್ಲ ಅಣ್ಣ,” ಎಂದ. “ಮುಖ ನೋಡ್ಲಿಲ್ಲ ನಾನು. ಆದ್ರೆ ಈ ಬೆರಳು ಮರೀತೀನಾ? ನೂಲು ತೆಗೆಯೋರ ಬೆರಳು ಇದು, ಹುಳದ ವಾಸ್ನೆ. ಪೈಲ್ವಾನ್ರು ಯಾವತ್ತಾದ್ರೂ ಬಿಸಿನೀರಲ್ಲಿ ಗೂಡಿಗೆ ಕೈ ಹಾಕವ್ರಾ?”

ವೆಂಕಟರವಣಪ್ಪ ರೂಢಿಯಂತೆ ಬಾಯಿ ತೆರೆದ. ನಾನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಟೆಂಪೋ ಕುಲುಕಿದ್ದು, ಲೋಟದ ನೀರು ತುಳುಕಿ ತೊಡೆಯೆಲ್ಲ ಒದ್ದೆಯಾದದ್ದು, ಆ ಒಡೆದ ತುಟಿ ಬೆರಳನ್ನು ಮಗುವಿನಂತೆ ಚೀಪಿದ್ದು ನೆನಪಾಯಿತು. ಟೀ ಅಂಗಡಿಯ ಕಥೆಯಲ್ಲಿ ಲೋಟವಿರಲಿಲ್ಲ, ಬೆರಳೂ ಇರಲಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನು ತನ್ನ ಕೈಯನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿಕೊಂಡ. ಗಂಗರತ್ನ ಬಾಗಿಲ ಹತ್ತಿರ ಅಪ್ಪನನ್ನೇ ನೋಡುತ್ತ ನಿಂತಿದ್ದಳು. ಕೊಂಡಪ್ಪ, ಮತ್ತೆ ಏನು ಎಡವಟ್ಟಾಗುತ್ತದೋ ಎಂದು ತಾಂಬೂಲದ ತಟ್ಟೆ ಹಿಡಿದೇ ಇದ್ದ.

“ಹಂಗಾದ್ರೆ,” ಎಂದ ವೆಂಕಟರವಣಪ್ಪ, “ನಾನೇ ಇರ್ಬೇಕು.”