ಮೋಡದ ಪ್ರಶ್ನೆ

ಗುಡ್ಡದ ಮೇಲಿನ ಖಗೋಳ ಸಂಶೋಧನಾ ಕೇಂದ್ರದ ವ್ಯಾನ್ ಡ್ರೈವರನಿಗೆ ಅಲ್ಲಿನ ವಿದ್ಯಾರ್ಥಿಗಳು ಇಟ್ಟ ಹೆಸರು ಧ್ರುವಣ್ಣ. ರೈಲು ಎಷ್ಟೇ ತಡವಾಗಿ ಬರಲಿ, ನಿಲ್ದಾಣದ ಮೂರನೇ ಕಂಬದ ಕೆಳಗೆ ಈ ಮನುಷ್ಯ ನಿಂತೇ ಇರುತ್ತಿದ್ದ, ಅದಕ್ಕೆ. ಹತ್ತೊಂಬತ್ತು ವರ್ಷ ಆ ಕೇಂದ್ರದ ಕೆಲಸ ಮಾಡಿಯೂ ಅವನು ದೊಡ್ಡ ದೂರದರ್ಶಕಕ್ಕೆ ಕಣ್ಣಿಟ್ಟಿದ್ದು ಒಂದೇ ಸಲ. ಏನು ಕಂಡಿತು ಎಂದು ಹೆಂಡತಿ ಕೇಳಿದಾಗ, "ಏನೋ ಮಸಕು ಮಸಕು. ನನ್ನ ವ್ಯಾನಿನ ಗಾಜೇ ವಾಸಿ" ಎಂದಿದ್ದ.

ವರ್ಷವೆಲ್ಲ ಆ ವ್ಯಾನ್ ಹೊರುತ್ತಿದ್ದುದು ತರಕಾರಿ ಬುಟ್ಟಿ, ಪೇಪರ್ ಬಂಡಲ್ಲು, ರಜೆಗೆ ಹೊರಟ ಸಿಬ್ಬಂದಿ. ವರ್ಷಕ್ಕೊಂದು ದಿನ ಮಾತ್ರ ಅದಕ್ಕೆ ಘನತೆ ಬರುತ್ತಿತ್ತು. ಅದು ಸಂಶೋಧನೆಯ ಸೀಟಿಗೆ ಸಂದರ್ಶನ ನಡೆಯುವ ದಿನ. ಎಂ.ಎಸ್ಸಿ. ಮುಗಿಸಿ, ನಕ್ಷತ್ರಗಳ ಹುಟ್ಟು ಸಾವನ್ನೋ ಗೆಲಾಕ್ಸಿಗಳ ಡಿಕ್ಕಿಯನ್ನೋ ಐದಾರು ವರ್ಷ ಹಿಡಿದು ಕೂತು ಪಿಎಚ್.ಡಿ. ಮಾಡುತ್ತೇವೆನ್ನುವ ಮಕ್ಕಳು ಎಲ್ಲೆಲ್ಲಿಂದಲೋ ಬಂದಿಳಿಯುತ್ತಿದ್ದರು. ಅರ್ಜಿ ನಾಲ್ಕುನೂರು, ಕರೆ ಹನ್ನೆರಡು ಮಂದಿಗೆ, ಸೀಟು ಎರಡು. ಮಾಡಿ ನೋಡಿ ಲೆಕ್ಕವನ್ನು!

ಮೇಲೆ ಹತ್ತುವಾಗ ಬಾಯಿ ಒಣಗಿ ಕೂತವರು, ಕೆಳಗಿಳಿಯುವಾಗ ಡ್ರೈವರನ ಮುಂದೆ ಎಲ್ಲವನ್ನೂ ಕಕ್ಕಿಬಿಡುತ್ತಿದ್ದರು. ಏನು ಕೇಳಿದರು, ತಾವೇನು ಹೇಳಿದರು, ಯಾರು ನಕ್ಕರು, ಯಾರು ಮೂಗು ಮುರಿದರು. ಧ್ರುವಣ್ಣನ ಕಿವಿ ಸುಮ್ಮನಿರುವ ಕಿವಿಯಲ್ಲ. ನಾಲ್ಕೈದು ವರ್ಷದಲ್ಲಿ ಅವನಿಗೆ ಒಂದು ಸಂಗತಿ ತಿಳಿದುಹೋಯಿತು. ಗಣಿತ, ಭೌತಶಾಸ್ತ್ರ ಎಲ್ಲ ಮುಗಿದ ಮೇಲೆ, ಗುಂಗುರು ಕೂದಲಿನ ಹಿರಿಯ ಮೇಡಂ ಕನ್ನಡಕ ತೆಗೆದಿಟ್ಟು, ತಮಾಷೆಗೆಂಬಂತೆ ಒಂದು ಪ್ರಶ್ನೆ ಕೇಳುತ್ತಾರೆ: "ಆರು ತಿಂಗಳು ಮೊದಲೇ ಅರ್ಜಿ ಹಾಕಿ ನಿಮಗೆ ದೂರದರ್ಶಕದಲ್ಲಿ ಮೂರು ರಾತ್ರಿ ಸಿಕ್ಕಿದೆ. ಮೂರು ರಾತ್ರಿಯೂ ಮೋಡ. ಏನು ಮಾಡ್ತೀರಿ?"

ಅಷ್ಟು ಗೊತ್ತಾದ ಮೇಲೆ ಇವನು ಸುಮ್ಮನಿರುತ್ತಾನೆಯೇ? ಪ್ರತಿ ವರ್ಷ, ಗುಡ್ಡದ ಎರಡನೇ ತಿರುವಿನಲ್ಲಿ, ಹೆದರಿ ಬಿಳಿಚಿಕೊಂಡವರು ಯಾರಾದರೂ ಕಂಡರೆ ಕನ್ನಡಿಯಲ್ಲಿ ನೋಡುತ್ತಾ ಶುರು ಮಾಡುತ್ತಿದ್ದ. "ಕೇಳಿ ಇಲ್ಲಿ. ಮೋಡದ ಪ್ರಶ್ನೆ ಬರುತ್ತೆ. ಕಾಯ್ತೀನಿ ಅಂತ ಮಾತ್ರ ಅನ್ನಬೇಡಿ. ಕಾಯ್ತೀನಿ ಅಂದವರೆಲ್ಲ ನನ್ನ ಜೊತೆ ವಾಪಸ್ ಬಂದಿದ್ದಾರೆ. ಬೇರೆಯವರು ಹಿಂದೆ ತೆಗೆದಿಟ್ಟ ದಾಖಲೆ ರಾಶಿ ಇದೆಯಲ್ಲ, ಅದರಲ್ಲಿ ಹುಡುಕ್ತೀನಿ ಅಂದವರು ಮೇಲೇ ಉಳಿದಿದ್ದಾರೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಆಯಮ್ಮನಿಗೆ ಬುರುಡೆ ಬಿಡೋರನ್ನ ಕಂಡ್ರಾಗಲ್ಲ."

ಹೀಗಿರಲು ಅವನ ಸ್ವಂತ ಮಗಳಿಗೇ ಆ ಸಂದರ್ಶನದ ಕರೆ ಬಂತು.

ಮಗಳು ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳ ಮೇಲೆ ಎಂ.ಎಸ್ಸಿ.ಯಲ್ಲಿ ಕೆಲಸ ಮಾಡಿದವಳು. ಒಂದು ಇನ್ನೊಂದರ ಮುಂದೆ ಬಂದಾಗ ಬೆಳಕು ಎಷ್ಟು ಕುಗ್ಗುತ್ತದೆ ಎಂದು ಅಡುಗೆಮನೆಯಲ್ಲಿ ಎರಡು ತಟ್ಟೆ ಹಿಡಿದು ಅಮ್ಮನಿಗೆ ವಿವರಿಸುವವಳು. ಅವಳಿಗೆ ಬೇಕಾಗಿದ್ದುದು ಆ ಗುಡ್ಡ ಒಂದೇ. ಚಿಕ್ಕಂದಿನಿಂದ ಕಿಟಕಿಯಲ್ಲಿ ಆ ಬಿಳಿ ಗುಮ್ಮಟ ನೋಡಿಕೊಂಡೇ ಬೆಳೆದಿದ್ದಳು.

ಧ್ರುವಣ್ಣನಿಗೆ ಖುಷಿಗಿಂತ ದಿಗಿಲು ಹೆಚ್ಚಾಯಿತು. ನೇರವಾಗಿ ಆಡಳಿತಾಧಿಕಾರಿಯ ಮುಂದೆ ಹೋಗಿ ನಿಂತ. "ಸಾರ್, ಲಿಸ್ಟಲ್ಲಿ ನನ್ನ ಮಗಳಿದ್ದಾಳೆ." ಅವರು ತಲೆ ಕೂಡ ಎತ್ತಲಿಲ್ಲ. "ಇರಲಿ ಬಿಡಪ್ಪ. ನೀನೇನು ಪ್ರಶ್ನೆ ಕೇಳ್ತೀಯಾ? ವ್ಯಾನ್ ಓಡಿಸು."

ಅವರೇನೋ ಹಾಗೆಂದರು. ಇವನ ತಲೆಯಲ್ಲಿ ಹುಳ ಹೊಕ್ಕಿತ್ತು. ಡ್ರೈವರನ ಮಗಳಿಗೆ ಒಳಗಿನ ಮಾತು ಮೊದಲೇ ಗೊತ್ತಿತ್ತು ಎಂದು ನಾಳೆ ಯಾರಾದರೂ ಅಂದರೆ? ಮಗಳು ಗೆದ್ದ ಸೀಟಿಗೆ ಮಸಿ ಅಂಟಿದರೆ? ಬಾಯಿಗೆ ಬೀಗ ಹಾಕಿಕೊಂಡ.

ಸಂದರ್ಶನಕ್ಕೆ ವಾರವಿರುವಾಗ ಅವಳೇ ಕೇಳಿದಳು. "ಅಪ್ಪ, ಅಷ್ಟು ವರ್ಷದಿಂದ ಕರ್ಕೊಂಡು ಹೋಗ್ತೀಯಲ್ಲ, ಅಲ್ಲಿ ಏನು ಕೇಳ್ತಾರೆ?"

"ನನಗೇನು ಗೊತ್ತಮ್ಮ? ನಾನು ವ್ಯಾನ್ ಓಡಿಸೋನು" ಎಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಹೋದ. ಸಂದರ್ಶನದ ದಿನ ಅವಳು ವ್ಯಾನ್ ಹತ್ತುವುದೂ ಬೇಡ, ಊರಿನ ಬಸ್ಸಿನಲ್ಲೇ ಹೋಗಲಿ ಎಂದು ಹಟ ಹಿಡಿದ. ಹೆಂಡತಿ ಹಣೆ ಚಚ್ಚಿಕೊಂಡಳು.

ಆ ದಿನ ಬಂದಾಗ ವ್ಯಾನಿನಲ್ಲಿ ಯಾರ ಮುಂದೆಯೂ ತುಟಿ ಬಿಚ್ಚಬಾರದೆಂದೇ ಹೊರಟಿದ್ದ. ಎಲ್ಲರಿಗೂ ಒಂದೇ ನ್ಯಾಯ. ಆದರೆ ಅವನ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ, ಎರಡು ದಿನ ರೈಲಿನಲ್ಲಿ ಬಂದವಳು, ಫೈಲನ್ನು ಎದೆಗವಚಿಕೊಂಡು ಗಡಗಡ ನಡುಗುತ್ತಿದ್ದಳು. ಎರಡನೇ ತಿರುವು ಬಂತು. ಅಷ್ಟು ವರ್ಷದ ಅಭ್ಯಾಸ, ನಾಲಿಗೆ ಯಾರಪ್ಪನ ಮಾತು ಕೇಳುತ್ತದೆ? "ಹೆದರಬೇಡಮ್ಮ. ಮೋಡದ ಪ್ರಶ್ನೆ ಬರುತ್ತೆ..." ಎಂದು ಶುರುವಾದದ್ದು ಮುಗಿಯುವ ಹೊತ್ತಿಗೆ ಗೇಟು ಬಂದಿತ್ತು. ಬಸ್ಸಿನಲ್ಲಿ ಬಂದ ಮಗಳು ಆಗಲೇ ಗೇಟಿನ ಬಳಿ ನಿಂತಿದ್ದಳು. ಅವಳನ್ನು ಕಂಡು ಇವನು ಸ್ಟಿಯರಿಂಗಿನತ್ತ ತಲೆ ತಗ್ಗಿಸಿದ.

ಮಧ್ಯಾಹ್ನ ನಾಲ್ಕಕ್ಕೆ ಬೋರ್ಡಿನ ಮೇಲೆ ಚೀಟಿ ಅಂಟಿಸಿದರು. ನಡುಗುತ್ತಿದ್ದ ಹುಡುಗಿಯ ಹೆಸರು ಎರಡನೆಯದು. ಮಗಳ ಹೆಸರು ಇರಲಿಲ್ಲ.

ಕೊನೆಯ ಬಸ್ಸು ಹೋಗಿಯಾಗಿತ್ತು. ಮಗಳು ವ್ಯಾನಿನ ಕೊನೆಯ ಸೀಟಿನಲ್ಲಿ ಕೂತಳು. ಆ ಹುಡುಗಿ ಸಾಮಾನು ತರಲು ಊರಿಗೆ ಹೊರಟವಳು ಮುಂದೆ ಕೂತು, ಖುಷಿ ತಡೆಯಲಾರದೆ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು. "ಅಣ್ಣ, ನೀವು ಹೇಳಿದ ಹಾಗೇ ಆಯ್ತು! ಮೋಡದ್ದೇ ಕೇಳಿದರು! ನೀವು ಹೇಳದೇ ಇದ್ದಿದ್ರೆ ನಾನೂ ಕಾಯ್ತೀನಿ ಅಂತಿದ್ದೆ!"

ಧ್ರುವಣ್ಣನಿಗೆ ಕನ್ನಡಿಯತ್ತ ನೋಡುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ಮಗಳು ವ್ಯಾನಿನಲ್ಲಿ ಕೇಳಿದ್ದನ್ನು ಹೇಳುತ್ತಲೇ ಹೆಂಡತಿ ತಿರುಗಿಬಿದ್ದಳು. "ಊರವರ ಮಕ್ಕಳಿಗೆಲ್ಲ ಉಪಕಾರ. ನಿಮ್ಮ ಪ್ರಾಮಾಣಿಕತೆಗೆ ಬಲಿ ಕೊಡೋಕೆ ನನ್ನ ಮಗಳೇ ಸಿಕ್ಕಳಾ?"

"ನಾಳೆ ಯಾರೂ ಬೆರಳು ತೋರಿಸಬಾರದು ಅಂತ..." ಎಂದು ಇವನು ತೊದಲಿದ.

ಮಗಳು ಅಳಲಿಲ್ಲ. "ಕೇಳಿದ್ರು ನನ್ನನ್ನೂ. ಮೋಡ ಸರಿಯೋವರೆಗೂ ಕಾಯ್ತೀನಿ ಅಂದೆ" ಎಂದಳು. "ಸೀಟು ಹೋಯ್ತು, ಹೋಗಲಿ. ಹೇಳಬಾರದು ಅನ್ನಿಸಿದ್ರೆ ಹೇಳಲ್ಲ ಅನ್ನಬೇಕಿತ್ತು. ಒಪ್ಕೋತಿದ್ದೆ. 'ನನಗೇನು ಗೊತ್ತು' ಅಂದೆಯಲ್ಲ. ವ್ಯಾನಿನಲ್ಲಿ ಕೂತವರಿಗೆಲ್ಲ ಅಣ್ಣ ಆದೆ. ನನಗೆ ಅಪ್ಪ ಆಗಲಿಲ್ಲ."

ಅವನು ತಪ್ಪಾಯ್ತು ಎಂದ. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಆಮೇಲೆ ಒಂದು ವರ್ಷ ಮನೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು, ಅಪ್ಪ ಎನ್ನುವ ಪದ ಒಂದನ್ನು ಬಿಟ್ಟು. "ಊಟಕ್ಕೆ ಬರಬೇಕಂತೆ", "ಫೋನ್ ಬಂದಿದೆಯಂತೆ" ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಸಂಜೆ ಬಂದು, ಯಾರೋ ಎಂದೋ ಅಳೆದು ಬಿಟ್ಟುಹೋದ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತನ್ನ ಜೋಡಿ ನಕ್ಷತ್ರವನ್ನು ಕೆದಕುತ್ತಿದ್ದಳು. ಧ್ರುವಣ್ಣ ಬಾಗಿಲ ಬಳಿ ಎರಡು ನಿಮಿಷ ನಿಂತು, ಕೆಮ್ಮಿ, ವಾಪಸ್ ಹೋಗುತ್ತಿದ್ದ. ಒಂದು ಸಲ ಟೀ ಇಟ್ಟು ಹೋದ. ಕುಡಿದಿದ್ದಳು, ಅಷ್ಟರಮಟ್ಟಿಗೆ ಅವನಿಗೆ ಸಮಾಧಾನ.

ಮತ್ತೆ ಸಂದರ್ಶನದ ದಿನ ಬಂತು. ಪಟ್ಟಿಯಲ್ಲಿ ಕೊನೆಯ ಹೆಸರು ಮಗಳದು. ಅವನು ಬೆಳಿಗ್ಗೆ ಹೊರಡುವಾಗ ಅವಳು ಮನೆಯಲ್ಲಿರಲಿಲ್ಲ. ಬಸ್ಸಿಗೆ ಹೋಗಿರಬೇಕು ಎಂದುಕೊಂಡು ಕಂಬದ ಕೆಳಗೆ ಹೋಗಿ ನಿಂತ. ರೈಲಿನಿಂದ ಇಳಿದು ಬಂದ ಹನ್ನೊಂದು ಜನರ ಹಿಂದೆ, ಫೈಲು ಹಿಡಿದು, ಅವಳೂ ಬಂದಳು. ಪಟ್ಟಿ ನೋಡಿ ಅವಳ ಹೆಸರನ್ನೂ ಕೂಗಿದ. "ಬಂದಿದ್ದೀನಿ" ಎಂದು ಹತ್ತಿ, ಅವನ ಹಿಂದಿನ ಸೀಟಿನಲ್ಲೇ ಕೂತಳು.

ಮೊದಲ ತಿರುವು ಹೋಯಿತು. ಎರಡನೇ ತಿರುವಿಗೆ ಗೇರು ಇಳಿಸುವಾಗ ಹಿಂದಿನಿಂದ ಅವಳ ದನಿ ಬಂತು.

"ಡ್ರೈವರ್ ಸಾಹೇಬ್ರೇ, ಇಪ್ಪತ್ತು ವರ್ಷದಿಂದ ಕರ್ಕೊಂಡು ಹೋಗ್ತಿದ್ದೀರಂತಲ್ಲ. ಅಲ್ಲಿ ಏನು ಕೇಳ್ತಾರೆ?"

ಹನ್ನೊಂದು ತಲೆಗಳು ಮುಂದಕ್ಕೆ ಬಾಗಿದವು. ಧ್ರುವಣ್ಣ ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಅಲ್ಲಿ ನಿಲ್ಲಿಸಿದ್ದು ಅದೇ ಮೊದಲು. ಹಿಂದಕ್ಕೆ ಪೂರ್ತಿ ತಿರುಗಿ ಕೂತು, ಕಣ್ಣು ಒರೆಸಿಕೊಂಡು, "ಗೊತ್ತು. ನನಗೆ ಎಲ್ಲ ಗೊತ್ತು" ಎಂದ. ಆಮೇಲೆ ಮೋಡದ ಪ್ರಶ್ನೆಯಿಂದ ಹಿಡಿದು ಮೇಡಂ ಕನ್ನಡಕ ತೆಗೆಯುವವರೆಗೆ, ಒಂದನ್ನೂ ಬಿಡದೆ, ಹನ್ನೆರಡು ಜನಕ್ಕೂ ಹೇಳಿದ. ಅವಳೂ ಉಳಿದವರ ಹಾಗೆ ಬರೆದುಕೊಂಡಳು. ಒಂದು ವರ್ಷದಿಂದ ಅವಳು ಮಾಡುತ್ತಿದ್ದುದೇ ಆ ಉತ್ತರ, ಆದರೂ ಬರೆದುಕೊಂಡಳು.

ಗೇಟಿನಲ್ಲಿ ಎಲ್ಲರೂ ಇಳಿದರು. ಅವಳು ಕೊನೆಗೆ ಇಳಿದು, ಡ್ರೈವರನ ಕಿಟಕಿಯ ಬಳಿ ಬಂದು ನಿಂತಳು.

"ಸಂಜೆ ಇಲ್ಲೇ ಇರು, ಅಪ್ಪ" ಎಂದಳು. "ಸಿಕ್ಕರೂ ಸಿಗದಿದ್ರೂ ನಿನ್ನ ಜೊತೆನೇ ಬರ್ತೀನಿ."

ಹನ್ನೊಂದು ಗಂಟೆಗೆ ತರಕಾರಿ ತರಲು ಕೆಳಗೆ ಹೋಗೆಂದು ಆಡಳಿತಾಧಿಕಾರಿ ಹೇಳಿ ಕಳಿಸಿದರು. ಇವತ್ತು ಆಗಲ್ಲ ಸಾರ್ ಎಂದು ಧ್ರುವಣ್ಣ ವ್ಯಾನಿನ ಬೀಗದ ಕೈ ಜೇಬಿಗೆ ಹಾಕಿಕೊಂಡು, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ.