ಶುಂಠಿಯ ಬಲ ಮುಂಗಾಲು

ಪಟ್ಟಿ ಅಕ್ಕನಿಗೆ ಮನುಷ್ಯರನ್ನು ಮುಖ ನೋಡಿ ಗುರುತಿಸುವುದು ಕಷ್ಟ, ಕಾಲು ನೋಡಿದರೆ ಸಲೀಸು. ಬಸ್ಸಿನಲ್ಲಿ ಎದುರು ಕೂತವರ ಚಪ್ಪಲಿ ಯಾವ ಕಡೆ ಸವೆದಿದೆ ಎಂದು ನೋಡಿ, ಇವರಿಗೆ ಎಡ ಮಂಡಿ ನೋಯುತ್ತಿರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸುತ್ತಾಳೆ. ಅವರು ಇಳಿಯುವಾಗ ನಿಜವಾಗಿಯೂ ಎಡ ಮಂಡಿ ಹಿಡಿದುಕೊಂಡರೆ ಅವತ್ತೆಲ್ಲ ಅವಳಿಗೆ ಒಂಥರಾ ಖುಷಿ. ಹತ್ತೊಂಬತ್ತು ವರ್ಷದಿಂದ ನಾಯಿಗಳ ಪಾದಕ್ಕೆ ಪಟ್ಟಿ ಕಟ್ಟುತ್ತಿರುವವಳ ಕಣ್ಣು ಇನ್ನೆಲ್ಲಿ ಹೋದೀತು ಎಂದು ಗಂಡ ನಗುತ್ತಾನೆ.

ಅವಳು ಕೆಲಸ ಮಾಡುವುದು ಶೋಧ ನಾಯಿಗಳ ದಳದಲ್ಲಿ. ಕಟ್ಟಡ ಕುಸಿದರೆ ಅದರಡಿ ಯಾರಾದರೂ ಉಸಿರಾಡುತ್ತಿದ್ದಾರೆಯೇ ಎಂದು ಮೂಸಿ ಹೇಳುವ ಹನ್ನೊಂದು ನಾಯಿಗಳು ಅಲ್ಲಿವೆ. ಒಡೆದ ಗಾಜು, ತಗಡಿನ ಅಂಚು, ಮುರಿದ ಕಂಬಿ, ಹಸಿ ಸಿಮೆಂಟು, ಇವುಗಳ ಮೇಲೆ ಬರಿಗಾಲಲ್ಲಿ ಓಡುವುದು ಅವುಗಳ ಕೆಲಸ. ಬೂಟು ಹಾಕಬಹುದು. ಆದರೆ ಬೂಟು ಹಾಕಿದ ನಾಯಿಗೆ ಕಾಲ ಕೆಳಗಿನ ಹಲಗೆ ಅಲ್ಲಾಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ, ಜಾರಿ ಬೀಳುತ್ತದೆ. ಹಾಗಾಗಿ ವಾರಕ್ಕೆರಡು ಪಾದಗಳಾದರೂ ಅವಳ ಮೇಜಿಗೆ ಬರುತ್ತವೆ. ಮೇಜು ಸ್ಟೀಲಿನದು, ಮೇಲೆ ರಬ್ಬರ್ ಚಾಪೆ. ಚಾಪೆಯಿಲ್ಲದಿದ್ದರೆ ನಾಯಿ ಜಾರುತ್ತದೆ, ಜಾರಿದ ನಾಯಿ ಹೆದರುತ್ತದೆ, ಹೆದರಿದ ನಾಯಿಯ ಪಾದ ಯಾರ ಕೈಗೂ ಸಿಗುವುದಿಲ್ಲ.

ಅವಳ ಕಟ್ಟುವಿಕೆಗೆ ಒಂದು ಕ್ರಮವಿತ್ತು. ಮೊದಲು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಪಾದ ತೊಳೆಯುವುದು. ಬೆರಳುಗಳ ಸಂದಿಯನ್ನೂ ಬಿಡದೆ ಒರೆಸುವುದು, ಯಾಕೆಂದರೆ ನಾಯಿ ಬೆವರುವುದು ಹೆಚ್ಚಾಗಿ ಅಂಗಾಲಿನಲ್ಲೇ. ಪಟ್ಟಿ ಹೊರಗಿನಿಂದ ನೆನೆಯದಿದ್ದರೂ ಒಳಗಿನಿಂದ ನೆನೆಯುತ್ತದೆ. ಆಮೇಲೆ ಪ್ರತಿ ಸಂದಿಗೂ ಒಂದೊಂದು ಹತ್ತಿಯ ಎಳೆ, ಮೇಲೆ ಹತ್ತಿಯ ಹಾಸು, ಜಾಳು ಬಟ್ಟೆ, ಕೊನೆಗೆ ಎಳೆದರೆ ಹಿಗ್ಗುವ ಪಟ್ಟಿ. ಏನೇ ಆದರೂ ನಡುವಿನ ಎರಡು ಉಗುರು ಹೊರಗೆ ಕಾಣಲೇಬೇಕು. ಪಟ್ಟಿ ಬಿಗಿಯಾದರೆ ಬೆರಳು ಊದಿಕೊಳ್ಳುತ್ತದೆ, ಊದಿದರೆ ಆ ಎರಡು ಉಗುರು ಒಂದರಿಂದೊಂದು ದೂರ ಸರಿಯುತ್ತವೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಈ ನಾಯಿಗಳಿಗೆ ನೋವು ನುಂಗಿಕೊಂಡೇ ಅಭ್ಯಾಸ. ಕಾಲು ಕೊಳೆಯುತ್ತಿದ್ದರೂ ಬಾಲ ಆಡಿಸಿಕೊಂಡು ಊಟ ಮಾಡುತ್ತವೆ.

ಶುಂಠಿ ಐದು ವರ್ಷದ ಕಂದು ಹೆಣ್ಣು ನಾಯಿ. ಅದರ ಹ್ಯಾಂಡ್ಲರ್, ಅಂದರೆ ಅದನ್ನು ಸಾಕಿ ಪಳಗಿಸಿ ಕೆಲಸಕ್ಕೆ ಕರೆದೊಯ್ಯುವವನನ್ನು, ದಳದವರೆಲ್ಲ ಉದ್ದಣ್ಣ ಎನ್ನುತ್ತಾರೆ. ಅವನು ಒಳಗೆ ಬರುವಾಗ ಬಾಗಿಲಿಗೆ ತಲೆ ತಗ್ಗಿಸಬೇಕು. ಒಂದು ಸೋಮವಾರ ಅಭ್ಯಾಸದ ಅಂಗಳದಲ್ಲಿ ತಗಡು ತಗುಲಿ ಶುಂಠಿಯ ಬಲ ಮುಂಗಾಲಿನ ಅಡಿಯ ದೊಡ್ಡ ಮೆತ್ತೆ ಸೀಳಿತು. ದಳದ ಡಾಕ್ಟರ್ ಮೇಡಂ ನಾಲ್ಕು ಹೊಲಿಗೆ ಹಾಕಿದರು. ಅಕ್ಕ ಪಟ್ಟಿ ಕಟ್ಟಿದಳು. ಆರು ವಾರದಲ್ಲಿ ಶುಂಠಿಗೆ ವಾರ್ಷಿಕ ಪರೀಕ್ಷೆ ಇತ್ತು. ಅದರಲ್ಲಿ ಪಾಸಾಗದ ನಾಯಿಗೆ ಆ ದಳದಲ್ಲಿ ಜಾಗವಿಲ್ಲ.

ಬುಧವಾರ ಶುಂಠಿ ಪಟ್ಟಿ ಕಿತ್ತು ಹಾಕಿತು. ಗುರುವಾರ ಮತ್ತೆ ಕಿತ್ತಿತು. ಹೊರಗೆ ಚಾಚಿದ ಉಗುರಿನ ಹತ್ತಿರ ಹಲ್ಲು ಸಿಕ್ಕಿಸಿ, ಸಾಕ್ಸ್ ಎಳೆದ ಹಾಗೆ ಎಳೆದುಬಿಡುತ್ತಿತ್ತು. ಒಂದು ಹೊಲಿಗೆಯೂ ಬಿಟ್ಟಿತು.

"ಇದಕ್ಕೆ ಕೈ ಒಂದು ಇಲ್ಲ ನೋಡಿ ಅಕ್ಕ, ಇದ್ದಿದ್ರೆ ಅಲಮಾರಿ ಬೀಗಾನೂ ತೆಗೀತಿತ್ತು" ಎಂದ ಉದ್ದಣ್ಣ.

"ಯಜಮಾನ್ರ ಬುದ್ಧಿ ಬಂದಿರುತ್ತೆ" ಎಂದಳು ಅಕ್ಕ.

ಆ ಶನಿವಾರ, ಭಾನುವಾರ ಅವಳು ರಜೆ ಹಾಕಿದ್ದಳು. ಅತ್ತೆಗೆ ಕಣ್ಣಿನ ಆಪರೇಷನ್ ಇತ್ತು. ಎರಡು ದಿನ ಈ ಪಟ್ಟಿ ನಿಲ್ಲಲೇಬೇಕು. ಶುಕ್ರವಾರ ಸಂಜೆ ಅವಳು ಮುಂದಿನ ತುದಿಯನ್ನೂ ಸುತ್ತಿ ಮುಚ್ಚಿದಳು, ಜಾರದಿರಲಿ ಎಂದು ಮೇಲಿಂದ ಇನ್ನೆರಡು ಸುತ್ತು ಬಿಗಿದಳು. ಉಗುರು ಕಾಣಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

"ದಿನಕ್ಕೆ ಎರಡು ಸಲ ನೋಡು. ಮಳೆಯಲ್ಲಿ ಕರ್ಕೊಂಡು ಹೋದ್ರೆ ಪ್ಲಾಸ್ಟಿಕ್ ಚೀಲ ಕಟ್ಟು, ಒಳಗೆ ಬಂದ ತಕ್ಷಣ ತೆಗೆದುಬಿಡು" ಎಂದು ಉದ್ದಣ್ಣನಿಗೆ ಹೇಳಿ ಹೊರಟಳು. ಏನನ್ನು ನೋಡಬೇಕೋ ಅದನ್ನು ತಾನೇ ಮುಚ್ಚಿದ್ದೇನೆ ಎಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕತ್ತರಿ ಹಾಕಿ ಪಟ್ಟಿ ಬಿಡಿಸಿದಾಗ ಬೆರಳುಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವಿನ ಎರಡು ಬೆರಳು ಮುಟ್ಟಿದರೆ ತಣ್ಣಗಿದ್ದವು. ಒಂದರ ಬಣ್ಣ ನೇರಳೆಗೆ ತಿರುಗಿತ್ತು. ಡಾಕ್ಟರು ಬೆಚ್ಚಗಿನ ಬಟ್ಟೆಯಿಟ್ಟು, ಬೆರಳನ್ನು ಒಂದೊಂದಾಗಿ ಒತ್ತಿ ನೋಡಿ, "ಒಂದು ಉಳಿಯುತ್ತೆ. ಇನ್ನೊಂದನ್ನ ಈಗಲೇ ಹೇಳಕ್ಕಾಗಲ್ಲ. ನಾಲ್ಕು ದಿನ ಕಾಯೋಣ" ಎಂದರು.

ಉದ್ದಣ್ಣನ ಮುಖ ಬಿಳಿಚಿಕೊಂಡಿತ್ತು. "ನನ್ನದೇ ತಪ್ಪು ಮೇಡಂ. ಭಾನುವಾರ ತುಂತುರು ಬರ್ತಿತ್ತು ಅಂತ ಚೀಲ ಕಟ್ಟಿದ್ದೆ. ವಾಪಸ್ ಬಂದು ತೆಗೆಯೋದು ಮರೆತೆ. ಮಧ್ಯಾಹ್ನ ಪೂರ್ತಿ ಹಾಗೇ ಇತ್ತು. ಊಟ ಮಾಡ್ತಿತ್ತು, ಆಡ್ತಿತ್ತು, ನಂಗೆ ಗೊತ್ತೇ ಆಗಲಿಲ್ಲ."

ಡಾಕ್ಟರು ನಿಟ್ಟುಸಿರು ಬಿಟ್ಟು, ವರದಿಯಲ್ಲಿ ಕಾರಣ ಎಂಬ ಜಾಗದಲ್ಲಿ 'ಪಟ್ಟಿ ತೇವವಾದದ್ದು, ಪಾಲನೆಯಲ್ಲಿ ಅಜಾಗರೂಕತೆ' ಎಂದು ಬರೆದರು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಕತ್ತರಿ ಒರೆಸಿ ತಟ್ಟೆಯಲ್ಲಿಟ್ಟಳು.

ಎಲ್ಲರೂ ಹೋದ ಮೇಲೆ ತಟ್ಟೆಯಲ್ಲಿದ್ದ ಕತ್ತರಿಸಿದ ಪಟ್ಟಿಯನ್ನು ಅವಳು ಪದರ ಪದರವಾಗಿ ಬಿಡಿಸಿ ನೋಡಿದಳು. ಹೊರಪದರ ಸ್ವಲ್ಪ ಹಸಿ. ಒಳಗಿನ ಹತ್ತಿ ಒಣಗಿತ್ತು. ತೇವದಿಂದ ಹೀಗಾಗಿದ್ದರೆ ಬೆರಳ ಸಂದಿಯ ಚರ್ಮ ಬೆಳ್ಳಗೆ ನೆನೆದು ಸಿಪ್ಪೆಯಾಗಿರಬೇಕಿತ್ತು. ಹಾಗಿರಲಿಲ್ಲ. ಬೆರಳುಗಳ ಬುಡದಲ್ಲಿ ಸುತ್ತಲೂ ಬಿದ್ದ ತಗ್ಗು ಗೆರೆಯನ್ನು ಅವಳ ಕಣ್ಣು ಆಗಲೇ ನೋಡಿತ್ತು, ಬಳೆ ಬಿಗಿಯಾದ ಕೈಯಲ್ಲಿ ಬೀಳುವಂಥ ಗೆರೆ. ಅವಳು ಕೊನೆಗೆ ಸುತ್ತಿದ ಎರಡು ಸುತ್ತಿನ ಅಂಚು ಸರಿಯಾಗಿ ಅಲ್ಲಿಗೇ ಬರುತ್ತಿತ್ತು.

ಸಂಜೆ ಮನೆಯಲ್ಲಿ ಅವಳ ಮುಖ ನೋಡಿ ಅತ್ತೆ, ಒಂದು ಕಣ್ಣು ಮುಚ್ಚಿಕೊಂಡೇ, "ಏನೇ, ಹುಳಿ ತಿಂದವಳ ಹಾಗಿದೀಯ?" ಎಂದರು.

"ಒಂದು ಕಣ್ಣಲ್ಲೇ ಇಷ್ಟು ಕಾಣುತ್ತಾ ನಿಮಗೆ?"

"ಡಾಕ್ಟ್ರು ಕಣ್ಣು ಮುಚ್ಚಿದಾರೆ, ಬಾಯಲ್ಲ. ಹೇಳು ಏನಾಯ್ತು."

ಅವಳು ಹೇಳಿದಳು. ಅತ್ತೆ, "ಆ ಹುಡುಗ ತಾನೇ ಮೈಮೇಲೆ ಹಾಕ್ಕೊಂಡಿದಾನಲ್ಲ. ನೀನ್ಯಾಕೆ ಹೋಗಿ ಬೇಡದ್ದನ್ನ ಎಳೆದುಕೊಳ್ತೀಯ?" ಎಂದರು.

"ಅವನು ಇನ್ನು ಮುಂದೆ ಚೀಲ ಮುಟ್ಟೋದೇ ಇಲ್ಲ ಅತ್ತೆ. ಮಳೆಯಲ್ಲೂ ಕಟ್ಟಲ್ಲ. ನಾನು ಇನ್ನೊಂದು ನಾಯಿಗೂ ಹೀಗೇ ಮುಚ್ಚಿಬಿಡ್ತೀನಿ, ಯಾರೂ ಬೇಡ ಅನ್ನಲ್ಲ. ತಪ್ಪು ಎಲ್ಲಿದೆಯೋ ಅಲ್ಲೇ ಇರುತ್ತೆ, ರಿಪೇರಿ ಮಾತ್ರ ಬೇರೆ ಕಡೆ."

"ಹಾಗಾದ್ರೆ ನನ್ನನ್ನ ಯಾಕೆ ಕೇಳ್ತಿದೀಯ?"

"ಕೇಳಿದ್ದು ನೀವು" ಎಂದಳು ಅವಳು. ಡಾಕ್ಟರ ಮುಂದೆ ನಿಜ ಹೇಳುವುದು ಸುಲಭವಿರಲಿಲ್ಲ. ಆ ದಳದಲ್ಲಿ ಅವಳಿಗೆ ದೊಡ್ಡ ಓದಿಲ್ಲ, ದೊಡ್ಡ ಹುದ್ದೆಯಿಲ್ಲ. ಗುಡಿಸುವ ಕೆಲಸಕ್ಕೆ ಸೇರಿದವಳು, ಆಗ ಪಟ್ಟಿ ಕಟ್ಟುತ್ತಿದ್ದ, ನಿವೃತ್ತರಾಗಲಿದ್ದ ಡ್ರೆಸ್ಸರ್ ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತಳು. 'ಅಕ್ಕ ಕಟ್ಟಿದ್ದಾ? ಹಾಗಾದ್ರೆ ಸರಿ' ಎಂಬ ಒಂದು ಮಾತೇ ಅವಳ ಸಂಪಾದನೆ.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಪಟ್ಟಿಯ ತುಂಡುಗಳನ್ನು ಡಾಕ್ಟರ ಮೇಜಿನ ಮೇಲೆ ಹರಡಿದಳು. ಎಲ್ಲಿ ಒಣಗಿದೆ, ಅಂಚು ಎಲ್ಲಿ ಬರುತ್ತಿತ್ತು, ಗೆರೆ ಎಲ್ಲಿ ಬಿದ್ದಿದೆ ಎಂದು ಬೆರಳಿಟ್ಟು ತೋರಿಸಿದಳು.

"ಬಿಡಿ ಅಕ್ಕ, ವರದಿ ಹೋಗಿಲ್ಲ ಇನ್ನೂ. ಯಾರ ಹೆಸರೂ ಬರದ ಹಾಗೆ ಏನೋ ಬರೆದುಬಿಡ್ತೀನಿ" ಎಂದರು ಡಾಕ್ಟರು.

"ಹಾಗೆ ಬೇಡ ಮೇಡಂ. ಪಟ್ಟಿ ಬಿಗಿಯಾಗಿತ್ತು, ಉಗುರು ಮುಚ್ಚಿತ್ತು ಅಂತ ಬರೀರಿ. ಕಟ್ಟಿದ್ದು ಯಾರು ಅಂತಾನೂ ಬರೀರಿ."

ಡಾಕ್ಟರು ಅವಳನ್ನೇ ನೋಡಿದರು. ಆಮೇಲೆ ಹಳೆಯ ಹಾಳೆ ಹರಿದು ಹೊಸದು ತೆಗೆದರು.

ಉದ್ದಣ್ಣನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವನು ನಾಯಿಗೂಡಿನ ಮುಂದೆ ಶುಂಠಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ. ಪೂರ್ತಿ ಕೇಳಿದ.

"ನಿನ್ನೆನೇ ಹೇಳಬಹುದಿತ್ತಲ್ಲ ಅಕ್ಕ?"

"ಹೇಳಬಹುದಿತ್ತು."

"ನಿನ್ನೆಯಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ ನಂಗೆ. ನನ್ನ ಕೈಯಾರೆ ಇದರ ಕಾಲು ಕಳೆದೆ ಅಂದ್ಕೊಂಡು..." ಅವನ ದನಿ ಏರಿತು. "ನೀವು ಅಲ್ಲೇ ನಿಂತಿದ್ರಿ. ನಾನು ಮೇಡಂ ಮುಂದೆ ತಲೆ ತಗ್ಗಿಸಿ ನಿಂತಾಗ ನೀವು ಅಲ್ಲೇ ಇದ್ರಿ!"

"ಇದ್ದೆ."

"ಇದ್ದೆ ಅಂತೀರಲ್ಲ ಇಷ್ಟು ಸಲೀಸಾಗಿ!"

ಶುಂಠಿ ಮಾತ್ರ ಇಬ್ಬರ ದನಿಯನ್ನೂ ಕೇಳಿ, ಏನೋ ಆಟ ಶುರುವಾಗಿದೆ ಎಂದುಕೊಂಡು ಬಾಲದಿಂದ ನೆಲ ಬಡಿಯಿತು. ಉದ್ದಣ್ಣ ನಾಯಿಯನ್ನು ಎತ್ತಿಕೊಂಡು ಒಳಗೆ ಹೋದ. ಅವತ್ತಿನ ಪಟ್ಟಿಯನ್ನು ಡಾಕ್ಟರೇ ಬದಲಿಸಿದರು. ಆಮೇಲಿನ ದಿನಗಳಲ್ಲೂ ಅವರೇ.

ನಾಲ್ಕನೆಯ ದಿನ ನೇರಳೆಯಾಗಿದ್ದ ಬೆರಳು ಬೆಚ್ಚಗಿತ್ತು. ಚರ್ಮ ಒಂದು ಪದರ ಸುಲಿದು ಬಂತು, ಉಗುರೂ ಬಿತ್ತು, ಆದರೆ ಬೆರಳು ಉಳಿಯಿತು. ಪರೀಕ್ಷೆಯ ಹೊತ್ತಿಗೆ ಅದು ಕಲ್ಲು ಕಸದ ಮೇಲೆ ಓಡುವಷ್ಟು ಗಟ್ಟಿಯಾಗುವುದು ಸಾಧ್ಯವಿರಲಿಲ್ಲ. ಗಾಯ ಚಿಕಿತ್ಸೆಯ ಲೋಪದಿಂದ ಹೆಚ್ಚಿದ್ದು, ನಾಯಿಯಲ್ಲಾಗಲಿ ಹ್ಯಾಂಡ್ಲರನಲ್ಲಾಗಲಿ ಕೊರತೆಯಿಲ್ಲ ಎಂದು ವರದಿಯಲ್ಲಿ ಇದ್ದುದರಿಂದ ಮೇಲಿನವರು ಶುಂಠಿಗೆ ನಾಲ್ಕು ತಿಂಗಳ ನಂತರದ ಇನ್ನೊಂದು ದಿನಾಂಕ ಕೊಟ್ಟರು. ಅಕ್ಕನಿಗೆ ವಿವರಣೆ ಕೇಳಿ ಪತ್ರ ಬಂತು. ಅವಳು ಮೂರು ಸಾಲಿನಲ್ಲಿ ಉತ್ತರ ಬರೆದಳು. ಮೂರರಲ್ಲೂ ನೆಪ ಇರಲಿಲ್ಲ. ಎಚ್ಚರಿಕೆಯ ಒಂದು ಹಾಳೆ ಅವಳ ಫೈಲು ಸೇರಿತು. ಹತ್ತೊಂಬತ್ತು ವರ್ಷ ಆ ಫೈಲು ತೆಳ್ಳಗಿತ್ತು.

ಅದಾದ ನಂತರದ ಒಂದು ಶನಿವಾರ ಬೆಳಿಗ್ಗೆ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಅಕ್ಕ ಸ್ಟೀಲು ಮೇಜು ಒರೆಸುತ್ತಿದ್ದಾಗ ಬಾಗಿಲಲ್ಲಿ ಉದ್ದಣ್ಣ ತಲೆ ತಗ್ಗಿಸಿದ. ಶುಂಠಿಯನ್ನು ಎತ್ತಿ ರಬ್ಬರ್ ಚಾಪೆಯ ಮೇಲೆ ನಿಲ್ಲಿಸಿದ. ಆಮೇಲೆ ಕೈಕಟ್ಟಿ ಮೇಜಿಗೆ ಅಂಟಿಕೊಂಡೇ ನಿಂತ. ಮುಂಚೆ ಅವನು ಈ ಹೊತ್ತಿನಲ್ಲಿ ಹೊರಗೆ ಟೀ ಕುಡಿಯುತ್ತಿದ್ದ.

ಅವಳು ತೊಳೆದಳು. ಒರೆಸಿದಳು. ಹತ್ತಿಯ ಎಳೆ ಇಟ್ಟಳು. ಮೂರನೆಯ ಸಂದಿಯಲ್ಲಿ ಅವನು, "ಅಲ್ಲಿ ಇನ್ನೂ ಹಸಿ ಇದೆ" ಎಂದ.

ಅವಳು ಬಗ್ಗಿ ನೋಡಿದಳು. ಇತ್ತು. ಎಳೆ ತೆಗೆದು ಮತ್ತೆ ಒರೆಸಿದಳು.

"ಪಟ್ಟಿ ಎಷ್ಟು ಎಳೀತೀರಿ?"

"ಕೈ ಕೊಡು." ಅವನ ತೋರುಬೆರಳನ್ನು ಪಟ್ಟಿಯ ಅಂಚಿನಡಿ ತೂರಿಸಿದಳು. "ಇಷ್ಟು ಸಡಿಲ ಇರಬೇಕು. ನಿನ್ನ ಬೆರಳು ದಪ್ಪ, ಕಿರುಬೆರಳು ಹಾಕು."

ಅವನು ಕಿರುಬೆರಳು ಹಾಕಿ ನೋಡಿದ. ಒಂದು ಸಲ ಅಲ್ಲ, ಮೂರು ಸಲ, ಸುತ್ತಲೂ. ಅವಳು ಕಾಲು ಹಿಡಿದುಕೊಂಡು ಕಾದಳು. ಯಾರೋ ಹೀಗೆ ತನ್ನ ಕೈಯನ್ನೇ ಅನುಮಾನದಿಂದ ನೋಡುತ್ತಿರುವಾಗ ಕೆಲಸ ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಪಟ್ಟಿಯ ಕೊನೆಯ ತುದಿ ಅಂಟಿಸುವ ಮೊದಲು ಅವಳೇ ಕೈ ನಿಲ್ಲಿಸಿ ಕೇಳಿದಳು:

"ಇನ್ನೊಂದ್ಸಲ ನೋಡ್ತೀಯಾ?"

"ನೋಡ್ತೀನಿ" ಎಂದ ಅವನು, ಮತ್ತೆ ಬಗ್ಗಿದ.