ಪಂಕ್ತಿಯಲ್ಲಿ ಕೂತ ಇಲಿಗಳು

ಮೊನ್ನೆ ಉಪ್ಪಿನಕಾಯಿ ಜಾಡಿ ಕೊಳ್ಳಲು ಅಗ್ರಹಾರದ ಪಾತ್ರೆ ಅಂಗಡಿಗೆ ಹೋಗಿದ್ದೆ. ಹಳೆಯ ಜಾಡಿಯ ಮುಚ್ಚಳವನ್ನು ನಮ್ಮ ಯಜಮಾನರು ಒಡೆದಿದ್ದರು. ಅವರನ್ನು ಕೇಳಿದರೆ ಅದು ತಾನಾಗಿಯೇ ಒಡೆದುಕೊಂಡಿತು ಎನ್ನುತ್ತಾರೆ, ಇರಲಿ. ಅಂಗಡಿಯವರು ಒಳಗಿನಿಂದ ಒಂದು ಮರದ ಪೆಟ್ಟಿಗೆ ಎಳೆದು ತಂದು, ಮೊಣಕೈವರೆಗೆ ಕೈ ಹಾಕಿ ತಡಕಾಡಿ, ಪಿಂಗಾಣಿ ಜಾಡಿಯೊಂದನ್ನು ಹೊರಗೆಳೆದರು. ಪೆಟ್ಟಿಗೆಯ ತುಂಬ ಭತ್ತದ ಹೊಟ್ಟು. ಅದರ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ‘ಅಯ್ಯೋ, ಇಲಿಗಳು’ ಎಂಬ ಮಾತು ಹೊರಬಿತ್ತು. ಅಂಗಡಿಯವರು ಗಾಬರಿಯಾಗಿ, ಈ ಅಂಗಡಿಯಲ್ಲಿ ಇವತ್ತಿನವರೆಗೂ ಒಂದು ಇಲಿಯೂ ಕಂಡಿಲ್ಲ ಎಂದು ದೇವರ ಮೇಲೆ ಆಣೆ ಹಾಕಿದರು. ಪಾಪ, ಅವರಿಗೇನು ಗೊತ್ತು, ನಾನು ಪ್ರೀತಿಯಿಂದ ಅಂದದ್ದು ಎಂದು.

ನಿಮಗಾದರೂ ವಿವರ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನಾನು ಇದೇ ಮೈಸೂರಿನ ಒಂದು ಕಾಲೇಜಿನಲ್ಲಿ ಔಷಧ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದೆ. ಸಂಶೋಧನೆ ಎಂದರೆ ದೊಡ್ಡ ಮಾತಾಯಿತು. ಬೆಳಿಗ್ಗೆ ಎದ್ದು ಹೋಗಿ ಬಿಳಿ ಇಲಿಗಳಿಗೆ ಮದ್ದು ಕುಡಿಸುತ್ತಿದ್ದೆ. ಹಳ್ಳಿಯಲ್ಲಿ ನಮ್ಮಪ್ಪ ಭತ್ತದ ಮೂಟೆಗಳ ನಡುವೆ ಇಲಿಬೋನು ಇಟ್ಟು ಕಾಯುತ್ತಿದ್ದರು. ಮಗಳು ಮೈಸೂರಿನಲ್ಲಿ ಇಲಿಗಳ ಆರೋಗ್ಯ ವಿಚಾರಿಸುತ್ತಿದ್ದಳು. ಹಬ್ಬಕ್ಕೆ ಊರಿಗೆ ಹೋದಾಗ ನೆಂಟರೆದುರು ನನ್ನ ಓದಿನ ವಿಷಯ ಬಂದರೆ ಸಾಕು, ಅಪ್ಪ ಮೆಲ್ಲನೆ ಎದ್ದು ದನಗಳಿಗೆ ನೀರು ಕುಡಿಸಲು ಹೋಗಿಬಿಡುತ್ತಿದ್ದರು. ಆ ಇಲಿಗಳ ಪಂಜರದಲ್ಲಿ ಹಾಸಿಗೆಯಾಗಿ ಹರಡುತ್ತಿದ್ದದ್ದು ಇದೇ ಭತ್ತದ ಹೊಟ್ಟು.

ನಾವು ಬೆನ್ನು ಹತ್ತಿದ್ದ ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರ ತಾನಿರಬೇಕಾದ ಮನೆ ಬಿಟ್ಟು ಹೊಟ್ಟೆಯೊಳಗೆ ಬೇರೆಲ್ಲೋ ಬೇರೂರಿ ಬೆಳೆಯುತ್ತದೆ. ತಿಂಗಳು ತಿಂಗಳೂ ಅಲ್ಲೂ ರಕ್ತ, ಊತ, ಜೀವ ಹಿಂಡುವ ನೋವು. ಆ ಗಂಟುಗಳ ಸುತ್ತ ದೇಹದೊಳಗೇ ಒಂದು ಬಗೆಯ ತುಕ್ಕು ಹಿಡಿಯುವ ಕೆಲಸ ನಡೆಯುತ್ತಿರುತ್ತದೆ ಎಂದೂ, ಆ ತುಕ್ಕನ್ನು ತಡೆಯುವ ಆಂಟಿಆಕ್ಸಿಡೆಂಟ್ ಕೊಟ್ಟರೆ ಗಂಟು ಕುಗ್ಗಬಹುದೆಂದೂ ನಮ್ಮ ಗೈಡ್ ನಂಬಿದ್ದರು. ಅದಕ್ಕಾಗಿ ಅವರು ಆರಿಸಿದ್ದು ನೆಲ್ಲಿಕಾಯಿಯ ಸಾರ. ಸಜ್ಜನರು, ಆದರೆ ತುಂಬ ಸಂಕೋಚದವರು. ಎಂಡೊಮೆಟ್ರಿಯೋಸಿಸ್ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದವರು, ಮುಟ್ಟು ಎಂಬ ಮಾತು ಬರಬೇಕಾದ ಜಾಗದಲ್ಲಿ ಕೆಮ್ಮುತ್ತಿದ್ದರು. ಅವರ ಪಾಠದಲ್ಲಿ ಎಷ್ಟು ಕೆಮ್ಮು ಇರುತ್ತಿತ್ತೆಂದರೆ, ಹೊಸಬರು ಇದು ಕ್ಷಯದ ಬಗ್ಗೆ ಇರಬೇಕೆಂದುಕೊಳ್ಳುತ್ತಿದ್ದರು.

ನನಗೆ ಇಲಿ ಹಿಡಿಯಲು ಕಲಿಸಿದ್ದು ಪದ್ಮಕ್ಕ. ಅಶೋಕಪುರಂನವರು, ಬಿ.ಎಸ್ಸಿ. ಮುಗಿಸಿ ನಮ್ಮ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಮೊದಲ ದಿನ ಇಲಿ ನನ್ನ ಬೆರಳು ಕಚ್ಚಿದಾಗ ನಾನು ಕುರ್ಚಿ ಹತ್ತಿ ನಿಂತಿದ್ದೆ. ಪದ್ಮಕ್ಕ ಮೊದಲು ಇಲಿಯನ್ನು ಸಮಾಧಾನ ಮಾಡಿ, ಆಮೇಲೆ ನನ್ನ ಕಡೆ ತಿರುಗಿದರು. ಪ್ರಯೋಗಕ್ಕಾಗಿ ನಾವು ಇಲಿಗಳ ಹೊಟ್ಟೆಯೊಳಗೆ ಗರ್ಭಕೋಶದ ಆ ಪದರದ ಚೂರು ಹೊಲಿದು ಕಾಯಿಲೆ ಬರಿಸಿದ್ದೆವು. ಎಲ್ಲಕ್ಕೂ ಅರಿವಳಿಕೆ, ಅನುಮತಿ, ನಿಯಮ ಇತ್ತು. ಆದರೂ ಅವು ಮುದುರಿ ಕೂತದ್ದನ್ನು ನೋಡುವುದು ಕಷ್ಟವೇ. ಕೆಲವು ದಿನ ಪದ್ಮಕ್ಕನೂ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಮೂಲೆಯ ಸ್ಟೂಲಿನ ಮೇಲೆ ಹಾಗೆಯೇ ಕೂರುತ್ತಿದ್ದರು. ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದರು.

ಪ್ರಯೋಗದ ಕ್ರಮ ಸರಳವಾಗಿತ್ತು. ಮೇಲಿನ ಸಾಲಿನ ಪಂಜರಗಳಿಗೆ ನೆಲ್ಲಿಕಾಯಿ ಸಾರ, ಕೆಳಗಿನ ಸಾಲಿಗೆ ಬರೀ ನೀರು. ಎರಡಕ್ಕೂ ವ್ಯತ್ಯಾಸ ಕಂಡರೆ ಮಾತ್ರ ಮದ್ದಿಗೆ ಮರ್ಯಾದೆ. ಬೆಳಿಗ್ಗೆ ನಾನು ಕುಡಿಸುತ್ತಿದ್ದೆ. ಮಿಕ್ಕ ಸಾರವನ್ನು ಸಂಜೆ ಚೆಲ್ಲಿ ಪಾತ್ರೆ ತೊಳೆದಿಡುವುದು ಪದ್ಮಕ್ಕನ ಕೆಲಸ.

ಕೊನೆಗೆ ಪರೀಕ್ಷೆ ಮಾಡಿ ನೋಡಿದರೆ ವಿಚಿತ್ರ ಕಾದಿತ್ತು. ಮೇಲಿನ ಸಾಲಿನ ಇಲಿಗಳ ಗಂಟು ಕುಗ್ಗಿತ್ತು, ಕೆಳಗಿನ ಸಾಲಿನದೂ ಹೆಚ್ಚುಕಡಿಮೆ ಅಷ್ಟೇ ಕುಗ್ಗಿತ್ತು. ಗೈಡ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ನೀರು ಕುಡಿದ ಇಲಿಗೂ ವಾಸಿಯಾಗಿದೆ. ಕಾವೇರಿ ನೀರಿಗೇ ಪೇಟೆಂಟ್ ತಗೊಳ್ಳೋಣ ಬಿಡ್ರಮ್ಮ” ಅಂದರು. ನಗಿಸಲೆಂದು ಅಂದದ್ದು, ಆದರೆ ಮುಖದಲ್ಲಿ ನಗುವಿರಲಿಲ್ಲ. ನೆಲ್ಲಿಕಾಯಿಯಿಂದ ಪ್ರಯೋಜನವಿಲ್ಲವೆಂದು ಬರೆದು ಈ ವಿಷಯವನ್ನು ಇಲ್ಲಿಗೇ ಮುಗಿಸೋಣ, ನೀವು ಬೇರೆ ವಿಷಯ ಹುಡುಕಿಕೊಳ್ಳಿ ಎಂದರು. ನಾನು ಆಗಲೇ ಮನಸ್ಸಿನಲ್ಲಿ ನಮ್ಮಪ್ಪನಿಗೆ ಏನು ಹೇಳುವುದೆಂದು ಲೆಕ್ಕ ಹಾಕುತ್ತಿದ್ದೆ.

ಆಗ ಪದ್ಮಕ್ಕ ಬಾಗಿಲ ಹತ್ತಿರದಿಂದ ಒಳಗೆ ಬಂದರು.

“ಸರ್, ಮದ್ದು ಕೆಲ್ಸ ಮಾಡೈತೆ. ಕೆಳಗಿನ ಸಾಲಿಗೂ ನಾನೇ ಕೊಟ್ಬುಟ್ಟಿದೀನಿ.”

ಮಿಕ್ಕ ಸಾರವನ್ನು ಅವರು ಒಂದು ದಿನವೂ ಚೆಲ್ಲಿರಲಿಲ್ಲ. ಸಂಜೆ ನಾವೆಲ್ಲ ಹೋದ ಮೇಲೆ ಕೆಳಗಿನ ಪಂಜರಗಳ ನೀರಿನ ಬಾಟಲಿಗೆ ಬೆರೆಸಿ, ನಾವು ಬರುವ ಮೊದಲು ಬಾಟಲಿ ಬದಲಾಯಿಸಿಬಿಡುತ್ತಿದ್ದರು. ಗೈಡ್ ಅವರ ಮುಖ ಕೆಂಪಾಯಿತು. ಅಷ್ಟೊಂದು ತಿಂಗಳ ಕೆಲಸ, ಅಷ್ಟೊಂದು ಜೀವ ಎಲ್ಲ ಮಣ್ಣುಪಾಲಾಯಿತಲ್ಲ, ಓದಿದವರು ಹೀಗೇಕೆ ಮಾಡಿದಿರಿ ಎಂದು ಕೇಳಿದರು.

“ಅಂಗೆ ಮುದುರಿ ಕೂತ್ರೆ ಎಂಗಿರುತ್ತೆ ಅಂತ ನಂಗೊತ್ತು ಸರ್. ನಂಗೂ ಅದೇ ಕಾಯ್ಲೆ.”

ಗೈಡ್ ಕೆಮ್ಮಲಿಲ್ಲ. ಕುರ್ಚಿ ಎಳೆದು ಪದ್ಮಕ್ಕನನ್ನು ಕೂರಿಸಿ, ಮುಟ್ಟಿನ ನೋವು ಎಷ್ಟು ವರ್ಷದಿಂದ ಇದೆ, ಯಾರಿಗೆ ತೋರಿಸಿದ್ದೀರಿ ಎಂದು ಸರಿಯಾಗಿ ಕೇಳಿದರು. ಪದ್ಮಕ್ಕನಿಗೆ ಹೈಸ್ಕೂಲಿನಿಂದಲೂ ಇತ್ತಂತೆ. ಮದುವೆಯಾದರೆ ಹೋಗುತ್ತದೆ ಎಂದರಂತೆ, ಮಗುವಾದರೆ ಹೋಗುತ್ತದೆ ಎಂದರಂತೆ. ಎರಡೂ ಆಗಿ ನೋವು ಮಾತ್ರ ಅಲ್ಲೇ ಇತ್ತು. ಕಾಯಿಲೆಗೆ ಒಂದು ಹೆಸರಿದೆ ಎಂದು ತಿಳಿದದ್ದೇ ನಮ್ಮ ಲ್ಯಾಬಿಗೆ ಬಂದ ಮೇಲೆ, ಗೈಡ್ ಅವರ ಕೆಮ್ಮುಗಳ ನಡುವೆ. ನೆಲ್ಲಿಕಾಯಿ ಗೆಲ್ಲಬೇಕೆಂದು ನಮ್ಮಿಬ್ಬರಿಗಿಂತ ಹೆಚ್ಚು ಆಸೆಪಟ್ಟವರು ಅವರೇ, ಸೋಲಿಸಿದವರೂ ಅವರೇ. ನನಗೆ ಸಿಟ್ಟು ಬರಬೇಕಿತ್ತು. ಅಳು ಬಂತು.

ಮಾರನೆಯ ದಿನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ, ಪ್ರಯೋಗ ಕೆಡುತ್ತದೆಂದು ಗೊತ್ತಿದ್ದೂ ಏಕೆ ಕೊಟ್ಟಿರಿ ಎಂದು ಪದ್ಮಕ್ಕನನ್ನು ಮೆಲ್ಲನೆ ಕೇಳಿದೆ. “ಒಂದೇ ಕಡೆ ಕೂರ್ಸಿ, ಒಬ್ಬರಿಗೆ ಬಡ್ಸಿ ಇನ್ನೊಬ್ಬರನ್ನ ದಾಟ್ಕೊಂಡು ಹೋಗೋದು ನಮ್ಮ ಕೈಲಾಗಲ್ಲ ಕಣಮ್ಮ” ಅಂದರು. ಅವರ ತಂದೆ ಹುಡುಗನಾಗಿದ್ದಾಗ ಊರಗೌಡರ ಮನೆ ಮದುವೆಗೆ ಹೋದರೆ, ಅವರ ಕೇರಿಯವರಿಗೆಲ್ಲ ಕೊಟ್ಟಿಗೆಯ ಹಿಂದೆ ಎಲೆ. ಒಳಗಿನ ಪಂಕ್ತಿಯಲ್ಲಿ ಪಾಯಸದ ಸದ್ದು ಕೇಳುತ್ತಿತ್ತಂತೆ, ಕೊಟ್ಟಿಗೆಯವರೆಗೆ ಪಾಯಸ ಬರುತ್ತಿರಲಿಲ್ಲ. ಈಗ ಬುದ್ಧ ಪೂರ್ಣಿಮೆಯ ದಿನ ಅವರ ಬೀದಿಯಲ್ಲಿ ಊಟವಾದರೆ ಆ ತಂದೆಯೇ ಪಾಯಸದ ಬಕೆಟ್ ಹಿಡಿಯುವುದು. ಕೊನೆಯ ಎಲೆಗೆ ಬಿದ್ದಿದೆಯೆಂದು ಖಾತ್ರಿಯಾಗುವವರೆಗೆ ಮೊದಲ ಎಲೆಯವರು ಕೈ ಹಾಕುವಂತಿಲ್ಲ. ಅಂಥ ಮನೆಯ ಮಗಳ ಎದುರು ನಾವು ಮೇಲಿನ ಸಾಲು, ಕೆಳಗಿನ ಸಾಲು ಎಂದು ಇಲಿ ಕೂರಿಸಿದ್ದೆವು.

ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಯಿತು. ಗೈಡ್ ಪದ್ಮಕ್ಕನನ್ನು ಬೇರೆ ಕಡೆ ಹಾಕಲಿಲ್ಲ. ಕೆಳಗಿನ ಸಾಲಿಗೆ ಈಗ ಬಡಿಸದಿದ್ದರೆ ಮಾತ್ರ ಮುಂದೆ ಎಂದಾದರೂ ಎಲ್ಲರಿಗೂ ಬಡಿಸಲು ಆದೀತು ಎಂದಷ್ಟೇ ಹೇಳಿದರು. ಪದ್ಮಕ್ಕ ಒಪ್ಪಿದರು. ಪ್ರತಿ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡೇ ಮಿಕ್ಕ ಸಾರವನ್ನು ಸಿಂಕಿಗೆ ಸುರಿಯುತ್ತಿದ್ದರು. ಸುರಿದ ಮೇಲೆ ಕೆಳಗಿನ ಪಂಜರಗಳ ಮುಂದೆ ಕೂತು ಹೊಟ್ಟನ್ನು ಕೈಯಿಂದ ಕೆದಕಿ ಮೆತ್ತಗೆ ಮಾಡುತ್ತಿದ್ದರು. ಅದಕ್ಕೆ ನಿಯಮದ ಅಡ್ಡಿ ಇರಲಿಲ್ಲ.

ಈ ಸಲ ವ್ಯತ್ಯಾಸ ಕಂಡಿತು. ಪವಾಡವೇನಲ್ಲ, ಗಂಟು ಮಾಯವಾಗಲಿಲ್ಲ, ಚಿಕ್ಕದಾಗಿತ್ತು. ನಮ್ಮಂಥೋರಿಗೆ ಯಾವಾಗ ಬರುತ್ತೆ ಎಂದು ಪದ್ಮಕ್ಕ ಕೇಳಿದಾಗ ಗೈಡ್ ಸುಳ್ಳು ಹೇಳಲಿಲ್ಲ. ಇಲಿಗೆ ಆದದ್ದು ಮನುಷ್ಯರಿಗೆ ಆಗದೆಯೂ ಇರಬಹುದು, ಆಗುವುದಾದರೂ ವರ್ಷಗಳು ಹಿಡಿಯುತ್ತವೆ ಎಂದರು. ನನಗೆ ಪದವಿ ಬಂತು, ಕಡಕೊಳದ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪದ್ಮಕ್ಕನಿಗೆ ಆಪರೇಷನ್ ಆಯಿತು, ಸ್ವಲ್ಪ ಕಾಲ ಹಾಯಾಗಿದ್ದರು, ನೋವು ಮತ್ತೆ ದಾರಿ ಕಂಡುಕೊಂಡಿತು. ಅಂದಿನಿಂದ ನೆಲ್ಲಿಕಾಯಿ ಕಾಲಕ್ಕೆ ಒಂದು ಜಾಡಿ ಉಪ್ಪಿನಕಾಯಿ ಹಾಕಿ ಅರ್ಧವನ್ನು ಅಶೋಕಪುರಂಗೆ ಒಯ್ಯುವುದು ನನ್ನ ರೂಢಿ. ಅದು ಮದ್ದು ಎಂದಲ್ಲ, ಅಷ್ಟು ಉಪ್ಪು ಎಣ್ಣೆ ಇರುವುದನ್ನು ಮದ್ದು ಎನ್ನಲು ನನಗೂ ನಾಚಿಕೆ. ಸುಮ್ಮನೆ, ಪ್ರೀತಿಗೆ.

ಮೊನ್ನೆ ಆ ಅಂಗಡಿಯಿಂದಲೇ ಪದ್ಮಕ್ಕನಿಗೆ ಫೋನ್ ಮಾಡಿದೆ, ಈ ಸಲ ದೊಡ್ಡ ಜಾಡಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಜಂಭ ಕೊಚ್ಚಿಕೊಳ್ಳಲು. ಪದ್ಮಕ್ಕ ಬೇಡ ಅಂದರು. ಒಂದು ಆಸ್ಪತ್ರೆಯಲ್ಲಿ ಅವರದೇ ಕಾಯಿಲೆಗೆ ಆಂಟಿಆಕ್ಸಿಡೆಂಟ್ ಮಾತ್ರೆಯ ಪ್ರಯೋಗ ನಡೆಯುತ್ತಿದೆಯಂತೆ, ತಾವೇ ಹೋಗಿ ಸೇರಿಕೊಂಡಿದ್ದಾರಂತೆ. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಹಾಗೆಯೇ ಕಾಣುವ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

“ನಾನು ಮೇಲಿನ ಸಾಲೋ ಕೆಳಗಿನ ಸಾಲೋ ಗೊತ್ತಿಲ್ಲ ಕಣಮ್ಮ” ಅಂದರು ಪದ್ಮಕ್ಕ. “ಅದು ಮುಗಿಯೋಗಂಟ ನೆಲ್ಲಿಕಾಯಿ ಮುಟ್ಟಲ್ಲ. ಯಾರಾದ್ರೂ ಕದ್ದು ಬಡ್ಸುದ್ರೆ ಲೆಕ್ಕ ಕೆಟ್ಟೋಗುತ್ತೆ, ನಂಗೊತ್ತಲ್ಲ.”

ನೋವು ಹೇಗಿದೆ ಎಂದು ಕೇಳಿದೆ. ಐತೆ ಅಂದರು, ಅಷ್ಟೇ.

ದೊಡ್ಡ ಜಾಡಿಯನ್ನೇ ತಂದೆ. ಅದರ ಮೈಗೆ ಅಂಟಿದ್ದ ಹೊಟ್ಟನ್ನು ತೊಳೆದು, ಬಿಸಿಲಿಗೆ ಒಣಗಿಸಿ, ನೆಲ್ಲಿಕಾಯಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ನಮ್ಮ ಯಜಮಾನರು ದಿನಾ ಮೊಸರನ್ನದ ಹೊತ್ತಿಗೆ ಕತ್ತೆತ್ತಿ ಅದನ್ನೇ ನೋಡುತ್ತಾರೆ, ಯಾವಾಗ ಬಿಚ್ಚುತ್ತೀ ಎಂದು ಕೇಳುತ್ತಾರೆ. ಪದ್ಮಕ್ಕನ ಎಲೆಗೆ ಬಡಿಸುವವರೆಗೆ ನಮ್ಮ ಎಲೆಗೂ ಇಲ್ಲ ಎಂದಿದ್ದೇನೆ.